ಹಳದಿ ಫಲಕದ ಮನೆಮಗ: ಪಿಕ್‌ಅಪ್ ಶೃಂಗಾರ ಮತ್ತು ಕಾನೂನಿನ ನಡುವಿನ ಅಂತರ

ಅರಸೀಕೆರೆ: 2025ರ ಸೆಪ್ಟೆಂಬರ್ 22ರಂದು ಎರಡು ಸಂಗತಿಗಳು ಒಟ್ಟಿಗೇ ಘಟಿಸಿದವು. ನವರಾತ್ರಿ ಅಂದು ಆರಂಭವಾಯಿತು. ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದದ್ದೂ ಅಂದೇ. ಹಳೆಯ ತೆರಿಗೆ ಸೇರಿ 9 ಲಕ್ಷ ರೂಪಾಯಿ ಇದ್ದ ಪಿಕ್‌ಅಪ್ ವಾಹನವೊಂದರ ಬೆಲೆ ಈ ಲೆಕ್ಕದಲ್ಲಿ ಸುಮಾರು 70 ಸಾವಿರ ರೂಪಾಯಿ ಕಡಿಮೆಯಾಗುತ್ತದೆ. ಆಯುಧಪೂಜೆಗೆ ಹೊಸ ವಾಹನ ಮನೆಗೆ ತರಬೇಕೆಂದಿದ್ದ ತೆಂಗು ಬೆಳೆಗಾರರಿಗೂ ಸಣ್ಣ ವ್ಯಾಪಾರಿಗಳಿಗೂ ಇದಕ್ಕಿಂತ ಒಳ್ಳೆಯ ಮುಹೂರ್ತ ದೊರೆಯುವಂತಿರಲಿಲ್ಲ.

ಹೀಗೆ ಉಳಿದ ಹಣದ ಬಹುಪಾಲು ಉಳಿತಾಯ ಖಾತೆಗೆ ಹೋಗುವುದಿಲ್ಲ ಎಂಬುದು ಈ ಭಾಗದ ರಸ್ತೆಗಳನ್ನು ಬಲ್ಲವರಿಗೆ ಗೊತ್ತು. ಅದು ವೆಲ್ಡಿಂಗ್ ಅಂಗಡಿಗೆ, ರೇಡಿಯಂ ಸ್ಟಿಕ್ಕರ್ ಅಂಗಡಿಗೆ, ದೀಪ ಮತ್ತು ಹಾರ್ನ್ ಮಾರುವ ಮಳಿಗೆಗೆ ಸಂದಾಯವಾಗುತ್ತದೆ. ಬಾಡಿ ಎತ್ತರವಾಗುತ್ತದೆ, ಮುಂಭಾಗಕ್ಕೆ ಕಬ್ಬಿಣದ ಗಾರ್ಡ್ ಬರುತ್ತದೆ, ಗಾಜಿನ ಮೇಲೆ ಮಕ್ಕಳ ಹೆಸರು ಮೂಡುತ್ತದೆ. ಕಾರ್ಖಾನೆಯಿಂದ ಬಂದ ವಾಹನ ತಿಂಗಳೊಪ್ಪತ್ತಿನಲ್ಲಿ ಮನೆಯ ವಾಹನವಾಗಿ ಬಿಡುತ್ತದೆ.

ಇದರಲ್ಲಿ ತಪ್ಪೇನು? ಬಹುಪಾಲು ಏನೂ ಇಲ್ಲ. ಆದರೆ ಮಾಲೀಕನ ಪಾಲಿಗೆ ಮನೆಮಗನಾದ ಈ ವಾಹನ, ಕಾನೂನಿನ ಪಾಲಿಗೆ ಇಂದಿಗೂ ಕೇವಲ ಸರಕು ಸಾಗಣೆ ವಾಹನ. ಈ ಎರಡು ದೃಷ್ಟಿಗಳ ನಡುವೆ ಇರುವ ಅಂತರ ದಿನನಿತ್ಯ ಯಾರ ಕಣ್ಣಿಗೂ ಬೀಳುವುದಿಲ್ಲ. ಅಪಘಾತವಾದ ದಿನ ಮಾತ್ರ ಅದು ಧುತ್ತೆಂದು ಎದುರು ನಿಲ್ಲುತ್ತದೆ. ಅಂದು ತೆರಬೇಕಾದ ಬೆಲೆ ಒಂದು ಕುಟುಂಬದ ತೋಟದ ಬೆಲೆಯೂ ಆಗಬಹುದು.

ಎತ್ತಿನ ಗಾಡಿಯ ಉತ್ತರಾಧಿಕಾರಿ

ಅರಸೀಕೆರೆ, ಹಳೇಬೀಡು, ಬೇಲೂರು ಒಂದೇ ಜಿಲ್ಲೆಯಲ್ಲಿದ್ದರೂ ಮೂರು ಬಗೆಯ ನೆಲ. ಅರಸೀಕೆರೆ ತೆಂಗಿನ ಬಯಲುಸೀಮೆ. ಇಲ್ಲಿನ ಮತ್ತು ನೆರೆಯ ತಿಪಟೂರಿನ ಕೃಷಿ ಮಾರುಕಟ್ಟೆಗಳು ಕೊಬ್ಬರಿಗೆ ಹೆಸರಾದವು. ಹಳೇಬೀಡಿನ ಸುತ್ತ ಆಲೂಗೆಡ್ಡೆ, ಜೋಳ, ಶುಂಠಿ, ತರಕಾರಿ. ಬೇಲೂರು ದಾಟಿ ಪಶ್ಚಿಮಕ್ಕೆ ಸಾಗಿದರೆ ಕಾಫಿ, ಮೆಣಸಿನ ಮಲೆನಾಡು ತೆರೆದುಕೊಳ್ಳುತ್ತದೆ. ಅರಸೀಕೆರೆ ರೈಲ್ವೆ ಜಂಕ್ಷನ್ ಆದರೂ ಬೇಲೂರು, ಹಳೇಬೀಡಿನ ರೈತನಿಗೆ ರಸ್ತೆಯೇ ಗತಿ. ತೋಟದಿಂದ ಅಂಗಳಕ್ಕೆ, ಅಂಗಳದಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಗೊಬ್ಬರದ ಅಂಗಡಿಗೆ ಎಂಬ ಸಣ್ಣ ಸಣ್ಣ ಓಡಾಟಗಳೇ ಇಲ್ಲಿನ ಬದುಕು. ಇದಕ್ಕೆ ಲಾರಿ ದೊಡ್ಡದು, ಕಾರು ನಾಜೂಕು, ಟ್ರ್ಯಾಕ್ಟರ್ ನಿಧಾನ.

ಎತ್ತಿನ ಗಾಡಿ ಹಿಂದೆ ಸರಿದ ಮೇಲೆ ಈ ಜಾಗವನ್ನು ಕೆಲಕಾಲ ಜೀಪು ಮತ್ತು ಮೆಟಡಾರ್ ತುಂಬಿದ್ದವು. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದದ್ದು ನಿಜವಾದ ತಿರುವು. ಮುಕ್ಕಾಲು ಟನ್ ಹೊರುವ ಆ ಪುಟ್ಟ ನಾಲ್ಕು ಚಕ್ರದ ಬಂಡಿ ಸಣ್ಣ ಹಿಡುವಳಿದಾರನನ್ನೂ ವಾಹನದ ಮಾಲೀಕನನ್ನಾಗಿ ಮಾಡಿತು. ಮಹೀಂದ್ರಾ ಬೊಲೆರೊ ಪಿಕ್‌ಅಪ್ ಹೆಚ್ಚು ಭಾರಕ್ಕೂ ಕೆಟ್ಟ ರಸ್ತೆಗೂ ಒಗ್ಗಿಕೊಂಡು ಊರೂರಿನ ವಾಹನವಾಯಿತು. ಇಂದು ಈ ಸೀಮೆಯಲ್ಲಿ ಕೊಬ್ಬರಿ ಚೀಲ, ಎಳನೀರು, ತೆಂಗಿನ ನಾರು, ಹಾಲಿನ ಕ್ಯಾನು, ದನಕರು, ಶಾಮಿಯಾನದ ಸಾಮಾನು ಎಲ್ಲಕ್ಕೂ ಅದೇ ಆಸರೆ. ಸಂಜೆಯಾದರೆ ಅದೇ ವಾಹನ ಮನೆಮಂದಿಯನ್ನು ಪೇಟೆಗೆ ಒಯ್ಯುತ್ತದೆ. ಆಸ್ಪತ್ರೆಗೆ ಓಡುವುದೂ ಅದರಲ್ಲೇ, ಹೆಣ್ಣು ನೋಡಲು ಹೋಗುವುದೂ ಅದರಲ್ಲೇ.

ಶೃಂಗಾರದ ಸುಖ

ಗೋಡೆಯಲ್ಲಿ ಅಂಗುಲ ಜಾಗವನ್ನೂ ಬರಿದಾಗಿ ಬಿಡದ ಹೊಯ್ಸಳ ಶಿಲ್ಪಿಗಳ ನಾಡಿನಲ್ಲಿ ವಾಹನದ ಬಾಡಿ ಬರಿದಾಗಿ ಉಳಿದೀತೆ? ಇಲ್ಲಿನ ಪಿಕ್‌ಅಪ್‌ಗಳ ಅಲಂಕಾರಕ್ಕೆ ತನ್ನದೇ ಆದ ವ್ಯಾಕರಣವಿದೆ. ಮುಂಗಾಜಿನ ನೆತ್ತಿಯ ಮೇಲೆ ಮನೆದೇವರ ಹೆಸರು, ಹಿಂಬಾಗಿಲಿನ ಮೇಲೆ ತಾಯಿ ತಂದೆಯರ ಆಶೀರ್ವಾದ, ಪಕ್ಕದಲ್ಲಿ ಡಾ. ರಾಜ್‌ಕುಮಾರ್, ಶಂಕರ್‌ನಾಗ್ ಅಥವಾ ಪುನೀತ್ ರಾಜ್‌ಕುಮಾರ್ ಚಿತ್ರ. ಕನ್ನಡಿಗೆ ಕಪ್ಪು ದಾರ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ. ರೈತನ ಮಗನೆಂದು ಸಾರುವ ಬರಹವಂತೂ ಸರ್ವೇಸಾಮಾನ್ಯ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿಸಿಕೊಂಡು, ಸೇವಂತಿಗೆ ಹಾರ ತೊಟ್ಟು, ಬೂದುಗುಂಬಳದ ದೃಷ್ಟಿ ತೆಗೆಸಿಕೊಂಡ ವಾಹನ ಊರು ಸುತ್ತುವಾಗ ಅದರ ಮಾಲೀಕನ ಮುಖದಲ್ಲಿ ಕಾಣುವ ಹೆಮ್ಮೆ ಯಾವ ಐಷಾರಾಮಿ ಕಾರಿನವನಿಗೂ ಕಡಿಮೆಯಲ್ಲ.

ಅಲಂಕಾರದ ಆಚೆಗೆ ಉಪಯೋಗಕ್ಕೆಂದು ಮಾಡಿಸುವ ಬದಲಾವಣೆಗಳು ಬೇರೆ. ತೆಂಗಿನ ನಾರು ಹಗುರ ಆದರೆ ಗಾತ್ರ ದೊಡ್ಡದು. ಹಾಗಾಗಿ ಬಾಡಿಯ ಮೇಲೆ ಕಬ್ಬಿಣದ ಚೌಕಟ್ಟು ಏರಿಸುತ್ತಾರೆ. ಮಳೆಗಾಲದಲ್ಲಿ ಟಾರ್ಪಾಲು ಹೊದಿಸಲು ಕಮಾನು ಹಾಕಿಸುತ್ತಾರೆ. ಭಾರಕ್ಕೆ ಹಿಂಭಾಗ ಕುಸಿಯದಿರಲೆಂದು ಸ್ಪ್ರಿಂಗ್ ಪಟ್ಟಿಗಳ ಜೊತೆಗೆ ಇನ್ನೊಂದೆರಡು ಪಟ್ಟಿ ಸೇರಿಸುತ್ತಾರೆ. ಮಂಜು ಕವಿಯುವ ಬೇಲೂರಿನ ಕಡೆಯ ರಸ್ತೆಗಳಿಗೆಂದು ಹೆಚ್ಚುವರಿ ದೀಪಗಳು ಬರುತ್ತವೆ. ಪ್ರತಿಯೊಂದಕ್ಕೂ ಒಂದು ಕಾರಣವಿದೆ. ಆ ಕಾರಣ ಸುಳ್ಳಲ್ಲ ಎಂಬುದೇ ಈ ಸಮಸ್ಯೆಯನ್ನು ಜಟಿಲಗೊಳಿಸಿದೆ.

ಬದಲಾದ ಆರೈಕೆ

ಪಿಕ್‌ಅಪ್ ಇಟ್ಟುಕೊಂಡವರ ಭಾನುವಾರಗಳು ಬಹುತೇಕ ಒಂದೇ ತೆರನಾದವು. ವಾಟರ್ ಸರ್ವೀಸ್ ಮಾಡಿಸುವುದು, ಗ್ರೀಸ್ ಹೊಡೆಸುವುದು, ಆಯಿಲ್ ಮಟ್ಟ ನೋಡುವುದು, ಟೈರಿನ ಗಾಳಿ ಪರೀಕ್ಷಿಸುವುದು. ಹಳೆಯ ಡೀಸೆಲ್ ಎಂಜಿನ್ನುಗಳ ಕಾಲದಲ್ಲಿ ಉಳಿದ ರಿಪೇರಿಗಳೂ ಮರದ ನೆರಳಿನಲ್ಲೇ ಮುಗಿಯುತ್ತಿದ್ದವು. ಊರಿನ ಮೆಕ್ಯಾನಿಕ್ ಶಬ್ದ ಕೇಳಿಯೇ ರೋಗ ಹೇಳುತ್ತಿದ್ದ.

2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಈ ಸಂಬಂಧ ಬದಲಾಗಿದೆ. ಹೊಸ ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿರುತ್ತದೆ. ಎಂಜಿನ್ ಚೆನ್ನಾಗಿ ಕಾದು ಒಂದಷ್ಟು ದೂರ ಒಂದೇ ವೇಗದಲ್ಲಿ ಓಡಿದಾಗ ಆ ಮಸಿ ಉರಿದು ಶೋಧಕ ತಾನೇ ಶುಚಿಯಾಗುತ್ತದೆ. ತೋಟದಿಂದ ಮನೆಗೆ, ಮನೆಯಿಂದ ಹಾಲಿನ ಡೇರಿಗೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ವಾಹನದಲ್ಲಿ ಆ ಶಾಖ ಹುಟ್ಟುವುದೇ ಇಲ್ಲ. ಶೋಧಕ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಎಂಜಿನ್ ಬಲ ಕುಂದುತ್ತದೆ. ಆಗ ಬೇಕಾದದ್ದು ಸ್ಪ್ಯಾನರ್ ಅಲ್ಲ, ಕಂಪ್ಯೂಟರ್ ಸ್ಕ್ಯಾನರ್.

ಹೀಗಾಗಿ ದುಬಾರಿ ಶೋಧಕವನ್ನೇ ಕಿತ್ತೆಸೆಯುವ ಅಡ್ಡದಾರಿ ಕೆಲವರಿಗೆ ಆಕರ್ಷಕವಾಗಿ ಕಾಣುತ್ತದೆ. ಅದು ಕಾನೂನುಬಾಹಿರ ಮಾತ್ರವಲ್ಲ, ಮನೆಯಂಗಳದಲ್ಲಿ ಆಡುವ ಮಕ್ಕಳ ಉಸಿರಿಗೇ ಮಸಿ ಬೆರೆಸಿದಂತೆ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸುವುದು, ದೀಪ ಹತ್ತಿದೊಡನೆ ಉದಾಸೀನ ಮಾಡದೆ ತೋರಿಸುವುದು, ತಯಾರಕರು ಸೂಚಿಸಿದ ದರ್ಜೆಯ ಆಯಿಲ್‌ಅನ್ನೇ ಬಳಸುವುದು ಇದಕ್ಕಿರುವ ಅಗ್ಗದ ಮದ್ದು. ಹೊಸ ವಾಹನಕ್ಕೆ ಸ್ಟಿಕ್ಕರ್ ಅಂಟಿಸುವ ಮೊದಲು ಮಾಲೀಕರು ತಿಳಿಯಬೇಕಾದ ಮೊದಲ ಪಾಠವೂ ಇದೇ.

ಎಲ್ಲಿಯವರೆಗೆ ಅಲಂಕಾರ, ಎಲ್ಲಿಂದ ಅಪರಾಧ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿ ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದೆ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು.

ಮುಂಭಾಗದ ಕಬ್ಬಿಣದ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು. ಡಿಕ್ಕಿಯ ಹೊಡೆತವನ್ನು ಹೀರಿಕೊಳ್ಳುವ ಬದಲು ಅದನ್ನು ನೇರವಾಗಿ ಚಾಸಿಗೆ ದಾಟಿಸುವುದು ಮತ್ತು ಅಡ್ಡಬಂದ ಪಾದಚಾರಿಗೆ ಮಾರಕವಾಗುವುದು ಇದಕ್ಕೆ ಕಾರಣ. ಹಲವು ಸ್ವರದ ಹಾರ್ನ್‌ಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ನಿಷೇಧವಿದೆ. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆ ಕೈಗೊಂಡಿದ್ದರು.

ಹಾಗೆಂದು ಎಲ್ಲ ಅಲಂಕಾರವೂ ಅಪರಾಧವಲ್ಲ. ನಂಬರ್ ಪ್ಲೇಟಿನ ಮೇಲೆ ಏನನ್ನೂ ಬರೆಯದೆ, ಚಾಲಕನ ನೋಟಕ್ಕೂ ದೀಪ ಮತ್ತು ಪ್ರತಿಫಲಕ ಪಟ್ಟಿಗಳಿಗೂ ಅಡ್ಡಿಯಾಗದಂತೆ ಇರುವ ಹಾರ, ಸೀಟು ಹೊದಿಕೆ, ಹಾಡಿನ ಪೆಟ್ಟಿಗೆಗಳು ವಾಹನದ ಮೂಲ ರಚನೆಯನ್ನು ಬದಲಿಸುವುದಿಲ್ಲ. ವ್ಯತ್ಯಾಸ ಇರುವುದು ಉದ್ದ, ಅಗಲ, ಎತ್ತರ, ತೂಕ, ಆಸನ ಮತ್ತು ಎಂಜಿನ್ ವಿಷಯದಲ್ಲಿ. ಹೆಚ್ಚುವರಿ ಸ್ಪ್ರಿಂಗ್ ಪಟ್ಟಿಯನ್ನೇ ನೋಡಿ. ಅದು ಭಾರವನ್ನು ಹೊರುತ್ತದೆ, ಆದರೆ ಬ್ರೇಕ್ ಹಳೆಯದೇ ಆಗಿರುತ್ತದೆ. ಎತ್ತರಿಸಿದ ಬಾಡಿಯಲ್ಲಿ ಸರಕು ಮೇಲೇರಿದಷ್ಟೂ ತಿರುವಿನಲ್ಲಿ ವಾಹನ ಮಗುಚುವ ಸಂಭವ ಹೆಚ್ಚುತ್ತದೆ. ಹಿಂಭಾಗ ಭಾರಕ್ಕೆ ಕುಸಿದಾಗ ಹೆಡ್‌ಲೈಟಿನ ಬೆಳಕು ರಸ್ತೆಯನ್ನು ಬಿಟ್ಟು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಇವು ದಂಡದ ಪ್ರಶ್ನೆಗಳಲ್ಲ, ಜೀವದ ಪ್ರಶ್ನೆಗಳು.

ಬಿಳಿ ಫಲಕ, ಹಳದಿ ಫಲಕ

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಪಿಕ್‌ಅಪ್ ಈಗ ನಗರದ ಶ್ರೀಮಂತರ ಹವ್ಯಾಸವೂ ಹೌದು. 2016ರಲ್ಲಿ ಇಸುಜು ಕಂಪನಿಯ ವಿ-ಕ್ರಾಸ್ ಬಂತು. 2022ರಲ್ಲಿ ಬಿಡದಿಯ ಕಾರ್ಖಾನೆಯಿಂದಲೇ ಟೊಯೊಟಾ ಹೈಲಕ್ಸ್ ರಸ್ತೆಗಿಳಿಯಿತು. ಐದು ಆಸನದ ಇಂಥ ವಾಹನಗಳು ಖಾಸಗಿ ವಾಹನಗಳಾಗಿ ಬಿಳಿ ಫಲಕದೊಂದಿಗೆ ನೋಂದಣಿಯಾಗುತ್ತವೆ. ವಾರಾಂತ್ಯದಲ್ಲಿ ಬೇಲೂರು ದಾಟಿ ಚಾರ್ಮಾಡಿಯತ್ತ ಸಾಗುವ ಇಂಥ ವಾಹನದ ಹಿಂಭಾಗದಲ್ಲಿ ಡೇರೆ, ಸೈಕಲ್ಲು ಇರುತ್ತವೆ. ಅದರ ಆರ್‌ಸಿ 15 ವರ್ಷಗಳ ಅವಧಿಗೆ ಸಿಂಧು. ನಡುವೆ ಎಫ್‌ಸಿ ಎಂಬ ಮಾತೇ ಇಲ್ಲ.

ಅದೇ ರಸ್ತೆಯಲ್ಲಿ ಸ್ವಂತ ತೋಟದ ತೆಂಗಿನಕಾಯಿಯನ್ನು ಸ್ವಂತ ಪಿಕ್‌ಅಪ್‌ನಲ್ಲಿ ಸಾಗಿಸುವ ರೈತನದು ಹಳದಿ ಫಲಕ. ಒಂದು ದಿನವೂ ಬಾಡಿಗೆಗೆ ಓಡಿಸದಿದ್ದರೂ ಕಾನೂನಿನ ವ್ಯಾಖ್ಯೆಯಲ್ಲಿ ಅದು ಸಾರಿಗೆ ವಾಹನ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಗಂಟೆಗೆ 80 ಕಿ.ಮೀ. ಮೀರದಂತೆ ತಡೆಯುವ ಸಾಧನ ಇರಬೇಕು. ಟ್ರ್ಯಾಕ್ಟರ್ ವಿಷಯದಲ್ಲಿ ಕೃಷಿ ಬಳಕೆಯನ್ನು ಗುರುತಿಸಿ ಸಾರಿಗೇತರ ವಾಹನವೆಂದು ಪರಿಗಣಿಸುವ ಕಾನೂನು, ಅದೇ ರೈತನ ಪಿಕ್‌ಅಪ್ ವಿಷಯದಲ್ಲಿ ಆ ಭೇದವನ್ನು ಕಾಣುವುದಿಲ್ಲ.

ನ್ಯಾಯದ ತಕ್ಕಡಿಯಲ್ಲಿ ಇನ್ನೊಂದು ಪಕ್ಕವನ್ನೂ ಇಡಬೇಕು. ಖಾಸಗಿ ಕಾರಿಗೆ ರಾಜ್ಯದಲ್ಲಿ ಜೀವಿತಾವಧಿ ತೆರಿಗೆಯಾಗಿ ಬೆಲೆಯ ದೊಡ್ಡ ಪಾಲನ್ನೇ ತೆರಬೇಕು; ಸರಕು ವಾಹನದ ತೆರಿಗೆ ಅಷ್ಟು ಭಾರವಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಸಾಮಾನ್ಯ ಲಘು ವಾಹನದ ಚಾಲನಾ ಪರವಾನಗಿ ಇದ್ದವರು ಒಟ್ಟು ತೂಕ 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಸ್ಪಷ್ಟಪಡಿಸಿದೆ. ಪರವಾನಗಿಯಲ್ಲಿ ಪ್ರತ್ಯೇಕ ನಮೂದು ಇಲ್ಲವೆಂಬ ಕಾರಣಕ್ಕೆ ವಿಮಾ ಕಂಪನಿಗಳು ತಕರಾರು ತೆಗೆಯುತ್ತಿದ್ದ ಬಾಗಿಲು ಇದರಿಂದ ಮುಚ್ಚಿದೆ. ಸ್ವತಃ ವಾಹನ ಓಡಿಸುವ ರೈತರಿಗೆ ಇದು ದೊಡ್ಡ ನೆಮ್ಮದಿ.

ವಿಮೆಯ ವಿಷಯದಲ್ಲಿ ಬಹುತೇಕರ ಗಮನಕ್ಕೆ ಬಾರದ ಸಂಗತಿಯೊಂದಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 7,500 ಕಿಲೋವರೆಗಿನ ಸರಕು ವಾಹನದ ಥರ್ಡ್ ಪಾರ್ಟಿ ವಿಮಾ ಕಂತನ್ನು ಬಾಡಿಗೆಗೆ ಓಡಿಸುವವರಿಗೆ 16,049 ರೂಪಾಯಿ ಎಂದೂ, ಸ್ವಂತ ಸರಕಿಗಾಗಿ ಮಾತ್ರ ಬಳಸುವವರಿಗೆ 8,510 ರೂಪಾಯಿ ಎಂದೂ ಪ್ರತ್ಯೇಕವಾಗಿ ನಿಗದಿಪಡಿಸಲಾಯಿತು. ಸ್ವಂತ ಬಳಕೆಯೆಂಬ ಪರಿಕಲ್ಪನೆ ವಿಮಾ ಕ್ಷೇತ್ರಕ್ಕೆ ಅಪರಿಚಿತವಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಕಡಿಮೆ ಕಂತು ಕಟ್ಟಿ, ಸುಗ್ಗಿಯಲ್ಲಿ ನೆರೆಯವರ ಸರಕನ್ನು ಬಾಡಿಗೆಗೆ ಹೇರಿದರೆ ಪಾಲಿಸಿಯ ಷರತ್ತು ಮುರಿದಂತೆ. ಪಾಲಿಸಿ ನವೀಕರಿಸುವ ಮುನ್ನ ತಮ್ಮದು ಯಾವ ವರ್ಗವೆಂದು ಓದಿ ತಿಳಿಯುವುದು ಲೇಸು.

ಸರಕಿನ ಜಾಗದಲ್ಲಿ ಜನ

ಇಡೀ ವಿಷಯದ ಮರ್ಮ ಇರುವುದು ಇಲ್ಲಿ. ಕಾಫಿ ಕೊಯ್ಲಿನ ದಿನಗಳಲ್ಲಿ ಬೇಲೂರು ಭಾಗದ ತೋಟಗಳಿಗೆ ಬೆಳ್ಳಂಬೆಳಗ್ಗೆ ಕಾರ್ಮಿಕರನ್ನು ಕರೆತರುವುದು ಇಂಥ ವಾಹನಗಳೇ. ಮಾಲೇಕಲ್ಲು ತಿರುಪತಿಯ ಜಾತ್ರೆಗೆ, ಹುಣ್ಣಿಮೆಯಂದು ಜೇನುಕಲ್ಲು ಸಿದ್ದೇಶ್ವರನ ಬೆಟ್ಟಕ್ಕೆ, ಬೇಲೂರು ಚೆನ್ನಕೇಶವನ ತೇರಿಗೆ ಊರವರು ಹೊರಡುವುದೂ ಅದರಲ್ಲೇ. ಟಾರ್ಪಾಲು ಹಾಸಿ, ಹಗ್ಗ ಹಿಡಿದು, ಮಕ್ಕಳನ್ನು ನಡುವೆ ಕೂರಿಸಿಕೊಂಡು ಹೋಗುವ ಆ ಪಯಣದಲ್ಲಿ ಒಂದು ಸಂಭ್ರಮವಿದೆ. ಬೇರೆ ದಾರಿಯಿಲ್ಲದ ಅನಿವಾರ್ಯತೆಯೂ ಇದೆ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆ ಮಹಿಳೆಯರಿಗೆ ಬಸ್ ಪ್ರಯಾಣವನ್ನು ಉಚಿತಗೊಳಿಸಿತು, ನಿಜ. ಆದರೆ ಬೆಳಗಿನ ಜಾವ ತೋಟದ ಬಾಗಿಲಿಗೆ ಬಸ್ಸು ಬರುವುದಿಲ್ಲ.

ಇದರ ಬೆಲೆ ಏನೆಂಬುದು ಗೊತ್ತಿಲ್ಲದ್ದೇನಲ್ಲ. 2024ರ ಮೇ 20ರಂದು ಛತ್ತೀಸಗಡದ ಕಬೀರ್‌ಧಾಮ್ ಜಿಲ್ಲೆಯಲ್ಲಿ ತೆಂಡು ಎಲೆ ಸಂಗ್ರಹಿಸಿ ಮರಳುತ್ತಿದ್ದವರ ಪಿಕ್‌ಅಪ್ ಕಮರಿಗೆ ಉರುಳಿ 19 ಮಂದಿ ಸತ್ತರು. ಅವರಲ್ಲಿ ಬಹುತೇಕರು ಮಹಿಳೆಯರು. ನಮ್ಮಲ್ಲೇ 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಬಿದ್ದು, ಸರಕಿನ ಜೊತೆ ಕುಳಿತಿದ್ದ ಹತ್ತು ಮಂದಿ ವ್ಯಾಪಾರಿಗಳು ಪ್ರಾಣ ಕಳೆದುಕೊಂಡರು. ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ 2022ರ ಅಕ್ಟೋಬರ್ 15ರ ರಾತ್ರಿ ಸಂಭವಿಸಿದ ಅಪಘಾತದಲ್ಲಿ ತೀರ್ಥಯಾತ್ರೆಯಿಂದ ಮರಳುತ್ತಿದ್ದ ಒಂಬತ್ತು ಮಂದಿ ಸತ್ತದ್ದನ್ನು ಈ ಭಾಗದ ಜನ ಮರೆತಿಲ್ಲ. ಅದು ಆಸನಗಳಿದ್ದ ಪ್ರಯಾಣಿಕ ವಾಹನ. ಆಸನವಿದ್ದವರ ಗತಿಯೇ ಹಾಗಾದರೆ, ತೆರೆದ ಬಾಡಿಯಲ್ಲಿ ನಿಂತವರ ಪಾಡೇನು?

ಸಾವಿನ ನಂತರ ಎರಡನೆಯ ಪೆಟ್ಟು ಬೀಳುವುದು ನ್ಯಾಯಾಲಯದಲ್ಲಿ. 1994ರ ತಿದ್ದುಪಡಿಯ ಪ್ರಕಾರ ಸರಕು ವಾಹನದಲ್ಲಿ ಸಾಗುವ ಸರಕಿನ ಮಾಲೀಕ ಅಥವಾ ಆತನ ಅಧಿಕೃತ ಪ್ರತಿನಿಧಿಗೆ ಕಡ್ಡಾಯ ವಿಮೆಯ ರಕ್ಷಣೆ ಉಂಟು. ಆದರೆ ಉಚಿತವಾಗಿ ಹತ್ತಿಸಿಕೊಂಡ ಇತರ ಪ್ರಯಾಣಿಕರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಅಂದರೆ ಜಾತ್ರೆಗೆಂದು ಹತ್ತಿಸಿಕೊಂಡ ನೆಂಟರು, ನೆರೆಯವರು ಗಾಯಗೊಂಡರೆ ಅಥವಾ ಸತ್ತರೆ ಪರಿಹಾರದ ಲಕ್ಷಾಂತರ ರೂಪಾಯಿ ಹೊರೆ ವಾಹನದ ಮಾಲೀಕನ ಹೆಗಲಿಗೆ ಬೀಳುತ್ತದೆ. ಅವನಿಗೆ ಕೊಡುವ ಶಕ್ತಿ ಇಲ್ಲದಿದ್ದರೆ ಸಂತ್ರಸ್ತರಿಗೆ ಸಿಗುವುದು ತೀರ್ಪಿನ ಪ್ರತಿ ಮಾತ್ರ. ಉಪಕಾರ ಮಾಡಿದವನೂ ಉಪಕಾರ ಪಡೆದವನೂ ಒಟ್ಟಿಗೇ ಬೀದಿಗೆ ಬರುವ ದುರಂತವಿದು.

ಆಗಬೇಕಾದ್ದೇನು?

ತಪಾಸಣೆ ನಡೆಸಿ ದಂಡ ಹಾಕುವುದರಿಂದ ಮಾತ್ರ ಈ ಸಮಸ್ಯೆ ಬಗೆಹರಿಯದು. ಮೊದಲನೆಯದಾಗಿ, ಸ್ವಂತ ಕೃಷಿ ಬಳಕೆಯ ಪಿಕ್‌ಅಪ್‌ಗಳನ್ನು ಪ್ರತ್ಯೇಕವಾಗಿ ಗುರುತಿಸುವ ಬಗ್ಗೆ ಕೇಂದ್ರ ಸಾರಿಗೆ ಸಚಿವಾಲಯ ಚಿಂತಿಸಬೇಕು. ಟ್ರ್ಯಾಕ್ಟರಿಗೆ ಸಾಧ್ಯವಾದದ್ದು, ವಿಮಾ ದರಪಟ್ಟಿಯಲ್ಲಿ ಸಾಧ್ಯವಾದದ್ದು ನೋಂದಣಿಯಲ್ಲೇಕೆ ಅಸಾಧ್ಯ? ಹಾಗೆ ಗುರುತಿಸಿದರೂ ಸುರಕ್ಷತೆಯ ತಪಾಸಣೆಯನ್ನು ಕೈಬಿಡಬೇಕಿಲ್ಲ.

ಎರಡನೆಯದಾಗಿ, ತೆಂಗಿನ ನಾರು, ಎಳನೀರು, ಜಾನುವಾರು ಮುಂತಾದ ಸ್ಥಳೀಯ ಅಗತ್ಯಗಳಿಗೆ ತಕ್ಕ ಬಾಡಿ ಮಾದರಿಗಳನ್ನು ಸಾರಿಗೆ ಇಲಾಖೆಯೇ ಮೊದಲೇ ಅನುಮೋದಿಸಿ ಪ್ರಕಟಿಸಬಹುದು. ಅಂಥ ಮಾದರಿಯನ್ನು ನೋಂದಣಿಯ ವೇಳೆಯಲ್ಲೇ ಆರ್‌ಸಿಯಲ್ಲಿ ನಮೂದಿಸಿಕೊಡುವ ಸರಳ ವ್ಯವಸ್ಥೆ ಬಂದರೆ ರೈತ ತಪ್ಪಿತಸ್ಥನಾಗುವುದು ತಪ್ಪುತ್ತದೆ. ವೆಲ್ಡಿಂಗ್ ಅಂಗಡಿಯವನ ಕೆಲಸವೂ ಉಳಿಯುತ್ತದೆ.

ಮೂರನೆಯದಾಗಿ, ಕಾರ್ಮಿಕರನ್ನು ಸಾಗಿಸುವ ಹೊಣೆಯನ್ನು ತೋಟದ ಮಾಲೀಕರು ಹೊರಬೇಕು. ಕೊಯ್ಲಿನ ಎರಡು ಮೂರು ತಿಂಗಳ ಮಟ್ಟಿಗೆ ಆಸನವಿರುವ ವಾಹನಗಳನ್ನು ಒಟ್ಟಾಗಿ ಗೊತ್ತುಮಾಡಿಕೊಳ್ಳುವುದು ಬೆಳೆಗಾರರಿಗೆ ಅಸಾಧ್ಯವೇನಲ್ಲ. ಜಾತ್ರೆ, ಹುಣ್ಣಿಮೆಗಳಂದು ಹಳ್ಳಿಗಳಿಂದಲೇ ವಿಶೇಷ ಬಸ್ಸುಗಳನ್ನು ಓಡಿಸುವತ್ತ ಸಾರಿಗೆ ನಿಗಮವೂ ಗಮನ ಹರಿಸಬೇಕು.

ಇವೆಲ್ಲ ಆಗುವವರೆಗೆ ಮಾಲೀಕರ ಕೈಯಲ್ಲಿರುವುದು ವಿವೇಕ. ಮಕ್ಕಳ ಹೆಸರು ಬರೆಸಲಿ, ಮನೆದೇವರ ಚಿತ್ರ ಹಾಕಿಸಲಿ, ಸೇವಂತಿಗೆ ಹಾರ ತೊಡಿಸಲಿ. ಆದರೆ ಬಾಡಿಗೆ ಕೈಹಾಕುವ ಮುನ್ನ ಆರ್‌ಸಿಯನ್ನೂ, ಜನರನ್ನು ಹತ್ತಿಸಿಕೊಳ್ಳುವ ಮುನ್ನ ವಿಮಾ ಪಾಲಿಸಿಯನ್ನೂ ಒಮ್ಮೆ ತೆರೆದು ನೋಡಲಿ. ಹಿಂಬಾಗಿಲಿನ ಮೇಲೆ ಬರೆಸಿದ ತಾಯಿ ತಂದೆಯರ ಆಶೀರ್ವಾದ ವಾಹನಕ್ಕೆ ಶೋಭೆ ತರುತ್ತದೆ, ಸಂದೇಹವಿಲ್ಲ. ಆದರೆ ಪರಿಹಾರದ ಮೊತ್ತವನ್ನು ನಿರ್ಧರಿಸುವಾಗ ನ್ಯಾಯಾಲಯ ಓದುವುದು ಆ ಬರಹವನ್ನಲ್ಲ, ಪಾಲಿಸಿಯ ಷರತ್ತುಗಳನ್ನು.